ಉಪ್ಪಿನ ಪೈಪ್ ಇನ್ಹೇಲರ್: ನಮ್ಮ ಮಳೆಗಾಲಕ್ಕೆ ಆಗುವ ವಸ್ತು ಅಲ್ಲ

ನನಗೆ ಡಸ್ಟ್ ಅಲರ್ಜಿ. ಬೆಳಿಗ್ಗೆ ಹಾಸಿಗೆ ಬಿಡುವಾಗಲೇ ಸಾಲು ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ. ಪಿಂಗಾಣಿಯ ಈ ಪೈಪನ್ನು ಮಂಗಳೂರಿನ ಮನೆಯಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಕೊಳ್ಳುವ ಯೋಚನೆ ಇದ್ದರೆ ಇದನ್ನು ಓದಿ.

ಒಳಗೆ ಗುಲಾಬಿ ಉಪ್ಪಿನ ಹರಳು ಇರುತ್ತದೆ. ಬಾಯಿಯಿಂದ ಎಳೆದು ಮೂಗಿನಿಂದ ಬಿಡಬೇಕು. ಪೋಲೆಂಡಿನ ವೀಲಿಚ್ಕಾ ಉಪ್ಪಿನ ಗಣಿಯಲ್ಲಿ ವೈದ್ಯ ಫೆಲಿಕ್ಸ್ ಬೊಚ್ಕೊವ್‌ಸ್ಕಿ 19ನೇ ಶತಮಾನದಲ್ಲಿ ಶುರು ಮಾಡಿದ ಚಿಕಿತ್ಸೆಯ ಹೆಸರು ಹೇಳಿಯೇ ಇದನ್ನು ಮಾರುತ್ತಾರೆ. ಆದರೆ ಸಾಲ್ಟ್ ರೂಮಿನಲ್ಲಾದರೂ (ಉಪ್ಪಿನ ಗಾಳಿ ಉಸಿರಾಡಲು ಕೂರುವ ಕೋಣೆ) ಉಪ್ಪನ್ನು ಕೆಲವೇ ಮೈಕ್ರಾನಿನಷ್ಟು ನುಣ್ಣಗೆ ಪುಡಿ ಮಾಡಿ ಗಾಳಿಗೆ ಬಿಡುವ ಯಂತ್ರ ಇರುತ್ತದೆ. ಇಲ್ಲಿ ಸುಮ್ನೆ ಹರಳಿನ ಮೇಲೆ ಗಾಳಿ ಹಾದು ಬರುತ್ತದೆ ಅಷ್ಟೇ, ಅದರಲ್ಲಿ ಎಷ್ಟು ಉಪ್ಪು ಒಳಗೆ ಹೋಗಬೇಕು?

ಬೇಸಿಗೆಯಲ್ಲಿ ಗಂಟಲಿಗೆ ಸ್ವಲ್ಪ ಹಿತ ಅನಿಸುತ್ತದೆ, ಅದು ನಿಜ. ಸೀನು ಮಾತ್ರ ಕಡಿಮೆ ಆಗಲಿಲ್ಲ.

ಕಷ್ಟ ಶುರುವಾಗುವುದು ಜೂನ್‌ನಲ್ಲಿ. ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ, ನಮ್ಮ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ ಅಲ್ವಾ. ಪೈಪಿನ ತಳದಲ್ಲಿ ಉಪ್ಪುನೀರು ನಿಲ್ಲುತ್ತದೆ, ಹರಳುಗಳು ಅಂಟಿಕೊಂಡು ಒಂದೇ ಗಟ್ಟಿ ಆಗುತ್ತವೆ, ಬಾಯಿಡುವ ಜಾಗದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಒಳಗೆ ತೊಳೆಯುವ ಹಾಗೂ ಇಲ್ಲ. ಗಾಳಿ ಬಿಗಿ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಟ್ಟರೆ ಸ್ವಲ್ಪ ದಿನ ತಡೆಯುತ್ತದೆ. ಬೇಜಾರಿನ ವಿಷಯ ಏನೆಂದರೆ, ಅಲರ್ಜಿ ತರುವ ಡಸ್ಟ್ ಮೈಟ್ (ಧೂಳಿನ ಸೂಕ್ಷ್ಮ ಹುಳ) ಹೆಚ್ಚುವುದೂ, ಗೋಡೆಗೆ ಬೂಸ್ಟು ಹಿಡಿಯುವುದೂ ಇದೇ ತೇವದಲ್ಲಿ.

ನನಗೆ ನಿಜವಾಗಿ ಉಪಕಾರ ಆದದ್ದು ಜಲನೇತಿ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದು. ಅದೂ ಉಪ್ಪೇ, ಖರ್ಚು ಒಂದು ಪಾತ್ರೆಯದ್ದು ಮಾತ್ರ. ಲೀಟರ್ ನೀರಿಗೆ 9 ಗ್ರಾಂ ಅಯೋಡಿನ್ ಇಲ್ಲದ ಉಪ್ಪು ಹಾಕಿದರೆ ಮೂಗು ಉರಿಯುವುದಿಲ್ಲ, ಉಪ್ಪು ಕಡಿಮೆಯಾದರೂ ಜಾಸ್ತಿಯಾದರೂ ಉರಿಯುತ್ತದೆ. ಬಾವಿ ನೀರಾಗಲಿ ನಳ್ಳಿ ನೀರಾಗಲಿ, ಚೆನ್ನಾಗಿ ಕುದಿಸಿ ಆರಿಸಿಯೇ ಬಳಸಿ. ಹಸಿ ನೀರಿನಲ್ಲಿರುವ ಅಮೀಬಾ ಮೂಗಿನಿಂದ ಮೆದುಳಿಗೆ ಹೋಗಬಹುದು, ಪಕ್ಕದ ಕೇರಳದಲ್ಲಿ ಇದರಿಂದ ಜನ ಸತ್ತಿದ್ದಾರೆ.

ದಮ್ಮು ಇರುವವರು ಪೈಪಾಗಲಿ ಸಾಲ್ಟ್ ರೂಮಾಗಲಿ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಉಪ್ಪಿನ ಪುಡಿ ಕೆಲವರಿಗೆ ಶ್ವಾಸನಾಳ ಬಿಗಿ ಮಾಡುತ್ತದೆ. ಔಷಧಿಯ ಇನ್ಹೇಲರ್ ಅಂತೂ ನಿಲ್ಲಿಸಲೇಬೇಡಿ.