ಏರೋಪ್ಲೇನ್ ಚಿಟ್ಟೆಗೆ ಮ್ಯಾಕ್ರೊ ಲೆನ್ಸೋ, ಉದ್ದ ಝೂಮೋ?

ಏರೋಪ್ಲೇನ್ ಚಿಟ್ಟೆಯ ಫೋಟೊ ತೆಗೆಯಬೇಕು, ತೀರ ಹತ್ತಿರದಿಂದ ತೆಗೆಯುವ 100 ಎಂಎಂ ಮ್ಯಾಕ್ರೊ ಲೆನ್ಸ್ ಕೊಳ್ಳಲೋ ದೂರದ್ದನ್ನು ಹತ್ತಿರ ತೋರುವ 100–400 ಎಂಎಂ ಝೂಮ್ ಕೊಳ್ಳಲೋ ಎಂದು ಕೇಳಿದವರಿಗೆಲ್ಲ ನಾನು ಝೂಮ್ ಎಂದೇ ಹೇಳುತ್ತ ಬಂದಿದ್ದೇನೆ. ಶಿರಸಿ ಕಡೆಯ ಹಳ್ಳ, ಅಡಿಕೆ ತೋಟ, ಕುಮಟಾದ ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಕಾರವಾರದ ಕಡಲದಂಡೆ, ಎಲ್ಲ ಕಡೆ ಒಂದೇ ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾಕ್ಕೆ ಎರಡನ್ನೂ ಬದಲಿಸಿ ಬದಲಿಸಿ ಹಾಕಿ ನೋಡಿದ ಮೇಲೆ ಗಟ್ಟಿಯಾದ ಮಾತು ಇದು. ಆದರೆ ಇಬ್ಬನಿ ಆರುವ ತನಕದ ಆ ಒಂದು ಗಂಟೆ ಮಾತ್ರ ಮ್ಯಾಕ್ರೊದ್ದೇ. ಹಾರುತ್ತಿರುವುದನ್ನು ಹಿಡಿಯುವ ಪ್ರಶ್ನೆ ಬಂದಾಗ ಲೆನ್ಸಿಗಿಂತ ಫೋಕಸ್ ಮಾಡುವ ರೀತಿಯೇ ಹೆಚ್ಚು ಮುಖ್ಯ.

ಮ್ಯಾಕ್ರೊ ಕೊಳ್ಳುವವರೆಲ್ಲ ಮೊದಲು ನೋಡುವುದು 1:1 ಎಂಬ ಅಂಕಿಯನ್ನು. ಅಂದರೆ ಕೀಟ ಎಷ್ಟು ದೊಡ್ಡದೋ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಬೀಳುವ ಬಿಂಬವೂ ಅಷ್ಟೇ ದೊಡ್ಡದು. ನಮ್ಮ ಗದ್ದೆ ಬದುಗಳಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕೂತಿರುವ, ಹಸಿರು ಮೈಯ ಮೇಲೆ ಕಪ್ಪು ಪಟ್ಟೆಯ ಗ್ರೀನ್ ಮಾರ್ಷ್ ಹಾಕ್ ಎಂಬ ಏರೋಪ್ಲೇನ್ ಚಿಟ್ಟೆ ಸುಮಾರು 5 ಸೆಂ.ಮೀ. ಉದ್ದ ಇರುತ್ತದೆ. ನನ್ನ ಸೆನ್ಸರಿನ ಅಗಲ 22 ಮಿ.ಮೀ. 1:1ರಲ್ಲಿ ಅದರ ಅರ್ಧ ಮೈಯೂ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ. ಝೂಮ್ ತನ್ನ ಅತಿ ಹತ್ತಿರದ ಫೋಕಸ್‌ನಲ್ಲಿ, ಅಂದರೆ ಸೆನ್ಸರಿನಿಂದ ಒಂದು ಮೀಟರ್ ಆಸುಪಾಸಿನಲ್ಲಿ, ನಿಜ ಗಾತ್ರದ 0.31ರಷ್ಟು ಬಿಂಬ ಕೊಡುತ್ತದೆ. ಹುಳ ಅಡ್ಡಕ್ಕೆ ಕೂತಿದ್ದರೆ ಚೌಕಟ್ಟಿನ ಮೂರರಲ್ಲಿ ಎರಡು ಪಾಲು ತುಂಬಿತು. ಇದಕ್ಕಿಂತ ಹೆಚ್ಚು ಯಾರಿಗೆ ಬೇಕು?

ಇಷ್ಟೇ ದೊಡ್ಡ ಬಿಂಬವನ್ನು ಮ್ಯಾಕ್ರೊದಲ್ಲಿ ಪಡೆಯಬೇಕಾದರೆ ಲೆನ್ಸಿನ ಮೂತಿ ಹುಳದಿಂದ ಒಂದಡಿಯಷ್ಟು ಹತ್ತಿರಕ್ಕೆ ಹೋಗಬೇಕು. ಝೂಮಿನಲ್ಲಿ ಎರಡಡಿಗೂ ಮೇಲೆ ಜಾಗ ಉಳಿಯುತ್ತದೆ. ವ್ಯತ್ಯಾಸ ಒಂದಡಿ ಇರಬಹುದು, ಬಿಸಿಲೇರಿದ ಮೇಲೆ ಎಲ್ಲವೂ ಆ ಒಂದಡಿಯಲ್ಲಿಯೇ ತೀರ್ಮಾನವಾಗುತ್ತದೆ. ಸಾವಿರಾರು ಮಸೂರಗಳಿರುವ ಆ ಕಣ್ಣುಗಳು ತಲೆಯ ಬಹುಭಾಗವನ್ನೇ ಆವರಿಸಿವೆ. ಸಣ್ಣ ಅಲುಗಾಟ, ಮೇಲೆ ಬಿದ್ದ ನೆರಳು ಎರಡನ್ನೂ ಅವು ಬಿಡುವುದಿಲ್ಲ. ಎದ್ದು ಹೋದರೂ ಬೇಸರ ಬೇಡ. ಕೂತು ಬೇಟೆಯಾಡುವ ಜಾತಿಗಳು ಹೆಚ್ಚಾಗಿ ಅದೇ ಕಡ್ಡಿಗೆ ವಾಪಸ್ ಬರುತ್ತವೆ. ಅಟ್ಟಿಸಿಕೊಂಡು ಹೋಗದೆ, ಕಡ್ಡಿಯ ಮೇಲೆಯೇ ಫೋಕಸ್ ಇಟ್ಟು ನಿಂತಲ್ಲೇ ನಿಂತರೆ ಕೆಲಸ ಆಗುತ್ತದೆ. ಆದರೆ ಮ್ಯಾಕ್ರೊ ಹಿಡಿದು ಒಂದಡಿ ದೂರದಲ್ಲಿ ನಿಂತವನ ಮುಂದೆ ಅದು ಬಂದು ಕೂರಲು ಹಿಂಜರಿಯುತ್ತದೆ. ಎರಡಡಿ ಆಚೆ, ಝೂಮ್ ಹಿಂದೆ ಮುಖ ಮುಚ್ಚಿಕೊಂಡು ನಿಂತವನನ್ನು ಸಹಿಸಿಕೊಳ್ಳುತ್ತದೆ.

ಕೆರೆಗಳಲ್ಲಂತೂ ಹೋಲಿಕೆಯೇ ಇಲ್ಲ. ಶಿರಸಿಯ ಕೋಟೆಕೆರೆಯಂಥ ಕಡೆ ಕಾಮನ್ ಕ್ಲಬ್‌ಟೇಲ್ ಎಂಬ ಜಾತಿ ಕೂರುವುದು ನೀರಿನಿಂದ ಮೇಲೆ ಚಾಚಿದ ಒಣ ಕಡ್ಡಿಯ ತುದಿಯಲ್ಲಿ, ದಂಡೆಯಿಂದ ಕೈಗೆಟುಕದ ದೂರದಲ್ಲಿ. ಮ್ಯಾಕ್ರೊದಲ್ಲಿ ಅದು ಬರೀ ಚುಕ್ಕೆ.

ಇನ್ನೊಂದು ಮಾತಿದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬಿಂಬದ ಗಾತ್ರ ಒಂದೇ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿಯ ಅಳತೆ, ಎಫ್ ಅಂಕಿ) ಒಂದೇ ಆದರೆ ಯಾವ ಲೆನ್ಸ್ ಹಾಕಿದರೂ ಚೊಕ್ಕವಾಗಿ ಕಾಣುವ ಆಳ ಹೆಚ್ಚುಕಡಿಮೆ ಒಂದೇ. ನನ್ನ ಸೆನ್ಸರಿಗೆ ಎಫ್11ರಲ್ಲಿ, ಬಿಂಬ ಮೂರರಲ್ಲೊಂದು ಇದ್ದಾಗ ಐದಾರು ಮಿ.ಮೀ. ಸಿಗುತ್ತದೆ, 1:1ಕ್ಕೆ ಹೋದರೆ ಒಂದು ಮಿ.ಮೀ. ಕೂಡ ಇಲ್ಲ. ಹಾಗಾಗಿ ಹುಳದ ಮೈಗೆ ಸೆನ್ಸರ್ ಸಮಾನಾಂತರ ಇರಬೇಕು ಎಂಬ ನಿಯಮ ಎರಡಕ್ಕೂ ಒಂದೇ. ಬೇರೆಯಾಗುವುದು ಹಿನ್ನೆಲೆ. ಝೂಮಿನ ನೋಟ ಕಿರಿದು, ಹಿಂದಿನದರಲ್ಲಿ ಸ್ವಲ್ಪವೇ ಭಾಗ ಒಳಗೆ ಬರುತ್ತದೆ, ಅದೂ ಕರಗಿ ಒಂದೇ ಹಸಿರಾಗುತ್ತದೆ. ಮ್ಯಾಕ್ರೊದಲ್ಲಿ ಬತ್ತದ ಗರಿ, ಒಣಹುಲ್ಲು, ಬೇಲಿಯ ಗೂಟ ಎಲ್ಲ ಹಿಂದೆ ಅಡ್ಡಾದಿಡ್ಡಿ ನಿಲ್ಲುತ್ತವೆ. ರೆಕ್ಕೆಯ ನರಗಳು ಕಾಣಬೇಕಾದರೆ ಹಿನ್ನೆಲೆ ಖಾಲಿ ಇರಬೇಕು. ಈ ಒಂದು ಕಾರಣಕ್ಕೇ ನಾನು 1.6 ಕಿಲೋ ಭಾರ ಹೊರಲು ಸಿದ್ಧ. ಮ್ಯಾಕ್ರೊ 600 ಗ್ರಾಂ ಸುಮಾರು, ಕತ್ತಿಗೆ ಹಾಯೆನಿಸುತ್ತದೆ, ಒಪ್ಪುತ್ತೇನೆ.

ಈಗ ಮ್ಯಾಕ್ರೊದ ಗಂಟೆಗೆ ಬರೋಣ. ಮಳೆ ಹಿಂದೆ ಸರಿದ ಅಕ್ಟೋಬರ್‌, ನವೆಂಬರ್‌ನಲ್ಲಿ ಸೂರ್ಯ ಹುಟ್ಟುವ ಮುಂಚೆ ಗದ್ದೆ ಬದಿಯ ಹುಲ್ಲಿನಲ್ಲಿ ಹುಡುಕಿ. ರೆಕ್ಕೆ ಕಪ್ಪು–ಬಿಳಿಯ ಪೈಡ್ ಪ್ಯಾಡಿ ಸ್ಕಿಮ್ಮರ್ ಮೈಯೆಲ್ಲ ಇಬ್ಬನಿ ಹೊತ್ತು ಜೋತುಬಿದ್ದಿರುತ್ತದೆ. ಹಾರುವ ಸ್ನಾಯುಗಳು ಬಿಸಿಯಾಗದೆ ಅದು ಏಳಲಾರದು. ಆಗ ಟ್ರೈಪಾಡ್ ಇಟ್ಟು, ಗಾಳಿ ನಿಂತ ಹೊತ್ತು ನೋಡಿ, 1/15 ಸೆಕೆಂಡಿನಲ್ಲಿ ಕೂಡ ತೆಗೆಯಬಹುದು. ಕಣ್ಣಿನ ಮೇಲೆ ಕೂತ ಒಂದೊಂದು ಹನಿಯಲ್ಲೂ ಎದುರಿನ ಗದ್ದೆ ತಲೆಕೆಳಗಾಗಿ ಕಾಣುತ್ತದೆ. ಝೂಮ್ ಇದನ್ನು ಎಂದೂ ತೋರಿಸಲಾರದು. ಬಿಸಿಲು ತಾಗಿತೋ, ಮುಂಗಾಲು ಎತ್ತಿ ಕಣ್ಣು ಒರೆಸಿಕೊಳ್ಳಲು ತೊಡಗುತ್ತದೆ. ಆ ಕಾಲು ಆಡಿತೆಂದರೆ ಇನ್ನು ಹೆಚ್ಚು ಹೊತ್ತು ಉಳಿದಿಲ್ಲ ಎಂದೇ ಲೆಕ್ಕ. ಎರಡು ಸೆಂ.ಮೀ. ಆಸುಪಾಸಿನ ಪಿಗ್ಮಿ ಡಾರ್ಟ್‌ಲೆಟ್‌ನಂಥ ಸೂಜಿ ದಪ್ಪದವುಗಳಿಗೆ ಹಗಲಿನಲ್ಲೂ ಮ್ಯಾಕ್ರೊವೇ ಬೇಕು. ಝೂಮಿನಲ್ಲಿ ಅವು ಚೌಕಟ್ಟಿನ ಮೂರನೇ ಒಂದು ಪಾಲೂ ತುಂಬವು.

ಮೊಬೈಲ್ ಬಗ್ಗೆ ಕೇಳುವವರೂ ಇದ್ದಾರೆ. ಕಂಪೌಂಡ್ ಗೋಡೆಗೆ, ಸಿಮೆಂಟ್ ತೊಟ್ಟಿಗೆ ಅಂಟಿ ಕೂರುವ ಗ್ರಾನೈಟ್ ಘೋಸ್ಟ್‌ಗೆ ಮೊಬೈಲಿನ 3ಎಕ್ಸ್ (ಮೂರು ಪಟ್ಟು ಹತ್ತಿರ ತೋರುವ) ಟೆಲಿ ಲೆನ್ಸ್ ಸಾಕು. ಮೊಬೈಲಿನ ಮ್ಯಾಕ್ರೊ ಮೋಡ್ ಬೆರಳ ಅಗಲದಷ್ಟು ಹತ್ತಿರ ಬೇಡುತ್ತದೆ, ಇಬ್ಬನಿ ಹೊತ್ತು ಬಿಟ್ಟರೆ ಅದು ವ್ಯರ್ಥ.

ಘಟ್ಟದ ಹಳ್ಳಗಳಲ್ಲಿ ತೊಡಕು ಬೆಳಕಿನದು. ಮೇಲೆ ಕಾಡು ಮುಚ್ಚಿಕೊಂಡಿರುತ್ತದೆ, ನಡುಹಗಲಲ್ಲೂ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 3200 ದಾಟುತ್ತದೆ. ಫ್ಲ್ಯಾಷ್ ಹಾಕಿಯೂ ಹಾಕದೆಯೂ ನೋಡಿದ್ದೇನೆ. ಮಲಬಾರ್ ಟೊರೆಂಟ್ ಡಾರ್ಟ್ ಕಲ್ಲಿನ ಮೇಲೆ ಕೂತಾಗ, ಬೆಳಕನ್ನು ಮೆತ್ತಗಾಗಿಸುವ ದೊಡ್ಡ ಡಿಫ್ಯೂಸರ್ ಕಟ್ಟಿ 1/16 ಶಕ್ತಿಯಲ್ಲಿ ಹೊಡೆದ ಫ್ಲ್ಯಾಷ್ ಚೆನ್ನಾಗಿ ಒದಗುತ್ತದೆ. ಸ್ಟ್ರೀಮ್ ಗ್ಲೋರಿಗೆ ಮಾತ್ರ ಫ್ಲ್ಯಾಷ್ ಬೇಡವೇ ಬೇಡ. ಗಂಡಿನ ಹಿಂದಿನ ರೆಕ್ಕೆಯ ಆ ಹಸಿರು ಲೋಹದ ಹೊಳಪಿನದು, ಬೆಳಕು ಬೀಳುವ ಕೋನಕ್ಕೆ ತಕ್ಕಂತೆ ಹೊಮ್ಮುತ್ತದೆ. ಫ್ಲ್ಯಾಷ್ ಬಿದ್ದರೆ ಬಿಳಿ ಕಲೆಯಾಗಿ ಉಳಿಯುತ್ತದೆ. ಎಲೆಗಳ ಸಂದಿಯಿಂದ ಬಿಸಿಲುಕೋಲು ಬೀಳುವ ಕಲ್ಲನ್ನು ಆರಿಸಿ ಕಾಯುವುದೇ ಸರಿ. ಅದು ರೆಕ್ಕೆ ಬಿಚ್ಚುವುದೂ ಕ್ಷಣಮಾತ್ರ. ಬೆರಳನ್ನು ನಂಬುವುದಕ್ಕಿಂತ, ಶಟರ್ ಪೂರ್ತಿ ಒತ್ತುವ ಅರ್ಧ ಸೆಕೆಂಡ್ ಮೊದಲಿನ ಚಿತ್ರಗಳನ್ನೂ ಉಳಿಸಿಡುವ ಪ್ರೀ-ಬರ್ಸ್ಟ್ ಸೌಲಭ್ಯ ಇಲ್ಲಿ ಎಷ್ಟೋ ಮೇಲು.

ಆದರೆ ಅದೇ ಪ್ರೀ-ಬರ್ಸ್ಟ್ ಅನ್ನು ಹಾರಾಟಕ್ಕೆ ನಾನು ಬಳಸುವುದಿಲ್ಲ. ಅದು ನಡೆಯುವುದು ಎಲೆಕ್ಟ್ರಾನಿಕ್ ಶಟರ್‌ನಲ್ಲಿ, ಆ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಬಡಿಯುತ್ತಿರುವ ರೆಕ್ಕೆ ಸೊಟ್ಟಗೆ ಬರುತ್ತದೆ. ಸೆಕೆಂಡಿಗೆ 30ರ ಹತ್ತಿರ ರೆಕ್ಕೆ ಬಡಿಯುವ ಜೀವಿಗೆ ಮೆಕ್ಯಾನಿಕಲ್ ಶಟರ್ ಬೇಕು, 1/3200 ಸೆಕೆಂಡಿಗಿಂತ ನಿಧಾನ ಬೇಡ. ಆಗಲೂ ರೆಕ್ಕೆಯ ತುದಿ ತುಸು ಮಸುಕಾಗುತ್ತದೆ, ನನಗೆ ಅದು ಇಷ್ಟವೇ.

ಹಾರಾಟ ಕಲಿಯಲು ಕಾರವಾರದ ಕಡಲದಂಡೆಯಂಥ ಜಾಗ ಇನ್ನೊಂದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗ್ಲೋಬ್ ಸ್ಕಿಮ್ಮರ್‌ಗಳು ಗುಂಪು ಗುಂಪಾಗಿ ಕಾಣುತ್ತವೆ. ಭಾರತದಿಂದ ಮಾಲ್ಡೀವ್ಸ್ ಮೂಲಕ ಆಫ್ರಿಕಾದವರೆಗೆ ಈ ಹುಳಗಳು ಸಮುದ್ರ ದಾಟುತ್ತವೆಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ವಾದ ಮಂಡಿಸಿದರು. ಅಂಥ ಹಾರಾಟಗಾರ ಕೂತು ಸಿಗುವುದೇ ಅಪರೂಪ. ಆಟೊಫೋಕಸ್ ಹಾಕಿದರೆ ಹಿಂದಿನ ಗಾಳಿಮರದ ಸಾಲನ್ನೋ ಮೋಡವನ್ನೋ ಹಿಡಿದುಕೊಂಡು ಕೂರುತ್ತದೆ, ಹುಳ ದಾಟಿಹೋಗುತ್ತದೆ. ಮ್ಯಾನ್ಯುವಲ್‌ಗೆ ಹಾಕಿ ಮೂರು ಮೀಟರಿಗೆ ಫೋಕಸ್ ಕಟ್ಟಿಬಿಟ್ಟರೆ ಕೆಲಸ ಸುಲಭ. ಚೊಕ್ಕವಾಗಿ ಬರುವ ಆಳ ಕೆಲವೇ ಸೆಂ.ಮೀ. ಮಾತ್ರ, ಹಾಗಾಗಿ ರಿಂಗ್ ತಿರುಗಿಸದೆ ಮೈಯನ್ನೇ ಹಿಂದೆ ಮುಂದೆ ತೂಗಿ, ಹುಳ ಆ ದೂರಕ್ಕೆ ಬಂದಾಗ ಒತ್ತಬೇಕು.

ನಿಲ್ಲುವ ದಿಕ್ಕಿಗೂ ಲೆಕ್ಕ ಇದೆ. ಮಧ್ಯಾಹ್ನದ ಮೇಲೆ ಗಾಳಿ ಸಮುದ್ರದಿಂದ ಬೀಸುತ್ತದೆ, ಇವು ಗಾಳಿಗೆ ಎದುರಾಗಿ ಹಾರುವಾಗ ನಿಂತಂತೆಯೇ ತೇಲುತ್ತವೆ. ಸಮುದ್ರಕ್ಕೆ ಬೆನ್ನು ಹಾಕಿ ನಿಂತರೆ ಹುಳದ ಮುಖ ನಮ್ಮ ಕಡೆ, ಪಡುವಣದ ಬಿಸಿಲು ಅದರ ಮುಖದ ಮೇಲೆ. ಝೂಮನ್ನು 400ಕ್ಕೆ ಎಳೆಯಬೇಡಿ, ಚೌಕಟ್ಟಿನಲ್ಲಿ ಹುಳವನ್ನು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. 250ರ ಆಸುಪಾಸು ಇಟ್ಟು ಆಮೇಲೆ ಕ್ರಾಪ್ ಮಾಡಿಕೊಳ್ಳುವುದು ಲೇಸು. ಮನೆಗೆ ಬಂದ ಕೂಡಲೇ ಲೆನ್ಸಿನ ಹೊರಮೈಯ ಉಪ್ಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಇರುವ ಡಬ್ಬಿಯೊಳಗೆ ಇಡಿ. ನಮ್ಮ ಕರಾವಳಿಯ ತೇವಕ್ಕೆ ಗಾಜಿನ ಮೇಲೆ ಬೂಸ್ಟು ಬಲುಬೇಗ ಹತ್ತುತ್ತದೆ.