330 ಅಂತ ಫೋಟೋ ತೋರಿಸಿ ಏರ್‌ಸಾಫ್ಟ್ ಗನ್ ಮಾರಿದ, ಹುಷಾರು

ಎರಡು ದಿನದಿಂದ ತಲೆ ಕೆಟ್ಟಿದೆ. ಸೆಕೆಂಡ್ ಹ್ಯಾಂಡ್ ಏರ್‌ಸಾಫ್ಟ್ ಗನ್ (ಪುಟ್ಟ ಪ್ಲಾಸ್ಟಿಕ್ ಗುಂಡು ಹೊಡೆಯುವ ಆಟದ ಗನ್) ತಗೊಳ್ಳುವವರು ಇದನ್ನು ಓದಿ. ನನ್ನ ಮರ್ಯಾದೆ ಹೋಗೋದು ಹೋಯ್ತು, ನಿಮ್ಮದಾದರೂ ಉಳಿಯಲಿ.

ಬ್ರಿಟನ್‌ನಲ್ಲಿರುವ ಗೆಳೆಯರ ಜೊತೆ ಆಡೋಕೆ ಗನ್ ತಗೊಂಡು ಹೋಗಬೇಕು ಅಂತಿದ್ದೆ. ಅಲ್ಲಿ 2017ರ ಕಾನೂನಿನ ಪ್ರಕಾರ ಫುಲ್ ಆಟೋ (ಟ್ರಿಗರ್ ಒತ್ತಿ ಹಿಡಿದರೆ ಒಂದೇ ಸಮನೆ) ಹೊಡೆಯುವ ಗನ್‌ಗೆ ಗುಂಡಿನ ಶಕ್ತಿ 1.3 ಜೌಲ್ ಮಿತಿ, ಒಂದೊಂದೇ ಹೊಡೆಯುವುದಕ್ಕೆ 2.5. ಸ್ವಿಚ್ಚನ್ನು ಸೆಮಿಯಲ್ಲಿ, ಅಂದ್ರೆ ಒಂದೊಂದೇ ಹೊಡೆಯೋ ಕಡೆ, ಇಟ್ಟುಕೊಂಡರೂ ಪ್ರಯೋಜನ ಇಲ್ಲ, ಆಟೋ ಹೊಡೆಯೋಕೆ ಬರುತ್ತದೆ ಅಂದಮೇಲೆ 1.3ರ ಲೆಕ್ಕವೇ. ದಾಟಿತೋ, ಅದು ಆಟದ ಗನ್ ಅಲ್ಲ, ಕಾನೂನಿನ ಕಣ್ಣಿಗೆ ಅಸಲಿ ಫೈರ್‌ಆರ್ಮ್. ಇದನ್ನೆಲ್ಲ ಮಾರುವವನಿಗೆ ಮೊದಲ ಮೆಸೇಜಲ್ಲೇ ಬರೆದಿದ್ದೆ. "ಸ್ಟಾಕ್ ಗನ್ ಬ್ರೋ, ಏನೂ ಮುಟ್ಟಿಲ್ಲ, 330 ಎಫ್‌ಪಿಎಸ್" ಅಂದ. ಅಂದ್ರೆ ಕಂಪನಿಯಿಂದ ಬಂದ ಹಾಗೇ ಇದೆ, ಗುಂಡಿನ ವೇಗ ಸೆಕೆಂಡಿಗೆ 330 ಅಡಿ. ವೇಗ ಅಳೆಯುವ ಕ್ರೋನೋ ಯಂತ್ರದ ಫೋಟೋನೂ ಕಳಿಸಿದ. 330 ಅಂದ್ರೆ ಸುಮಾರು 1 ಜೌಲ್ ಅಲ್ವಾ, ನಿಶ್ಚಿಂತೆಯಿಂದ ದುಡ್ಡು ಹಾಕಿದೆ.

ಹೊರಡೋ ಮುಂಚೆ ಒಂದು ಆಟ ಆಡೋಣ ಅಂತ ಮೈದಾನಕ್ಕೆ ಹೋದೆ. ಆಟ ನೋಡಿಕೊಳ್ಳುವ ಮಾರ್ಷಲ್ ತಮ್ಮ 0.20 ಗ್ರಾಂ ಬಿಬಿ (ಪ್ಲಾಸ್ಟಿಕ್ ಗುಂಡು) ತುಂಬಿಸಿ ಹೊಡೆಸಿದರು. 402. ಮತ್ತೆ ಹೊಡೆಸಿದರು, 399. ಗುಂಡಿಗೆ ಸ್ಪಿನ್ ಕೊಡುವ ಹಾಪ್‌ಅಪ್ ಪೂರ್ತಿ ಇಳಿಸಿ ಮತ್ತೊಂದು, 404. "ಸ್ಪ್ರಿಂಗ್ ಬದಲಾಯಿಸಿದ್ದೀರಾ?" ಅಂತ ಕೇಳಿದರು. "ಇಲ್ಲ ಸರ್, ಸ್ಟಾಕ್" ಅಂದೆ, ಅದೂ ಎದೆ ಉಬ್ಬಿಸಿಕೊಂಡು. ಸಾಲಲ್ಲಿ ಹಿಂದೆ ನಿಂತವನೊಬ್ಬ ಕಿಸಕ್ಕನೆ ನಕ್ಕ. ಆ ನಗು ಇನ್ನೂ ಕಿವಿಯಲ್ಲೇ ಇದೆ. 400 ಅಂದ್ರೆ ಸುಮಾರು 1.5 ಜೌಲ್! ಗನ್ ಬ್ಯಾಗಿಗೆ ಹಾಕಿ, ಇಡೀ ದಿನ ಬೆಂಚಲ್ಲಿ ಕೂತು ಬೇರೆಯವರು ಆಡೋದು ನೋಡಿದೆ.

ಮನೆಗೆ ಬಂದು ಅವನ ಫೋಟೋ ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಬಿಬಿ ಬಾಟಲಿಯ ಅಂಚು, ಅದರ ಮೇಲೆ 0.30. ಅಂದ್ರೆ ಭಾರದ ಬಿಬಿ ಹಾಕಿ ಅಳತೆ ಮಾಡಿದ್ದಾನೆ. ಭಾರ ಜಾಸ್ತಿಯಾದರೆ ವೇಗ ಇಳಿಯುತ್ತೆ, ಜೌಲ್ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಫೋಟೋ ವಾರದಿಂದ ನನ್ನ ಫೋನಲ್ಲೇ ಇತ್ತು! ನಾನೇ ನೋಡಿಲ್ಲ!

ಕೇಳಿದ್ದಕ್ಕೆ ಅವನ ಉತ್ತರ ನೋಡಿ: "330 ಅಂದೆ, 330 ಬರುತ್ತೆ. ಯಾವ ಬಿಬಿ ಅಂತ ನೀವು ಕೇಳಲೇ ಇಲ್ಲ ಬ್ರೋ." ಕೇಳಲೇ ಇಲ್ಲವಂತೆ. ಎಫ್‌ಪಿಎಸ್ ಅಂದ್ರೆ 0.20ರಲ್ಲಿ ಅಂತ ಆಡೋರಿಗೆಲ್ಲ ಗೊತ್ತು, ಅವನಿಗೂ ಗೊತ್ತು. ಗೇರ್‌ಬಾಕ್ಸ್ ಬಿಚ್ಚಿದೆ. ಒಳಗೆ ಎಂ120 ಅನ್ನೋ ಜಾಸ್ತಿ ಗಟ್ಟಿ ಸ್ಪ್ರಿಂಗ್, ಹೊಸ ಗ್ರೀಸ್, ಸ್ಕ್ರೂಗಳ ತಲೆ ಎಲ್ಲ ಸವೆದು ಹೋಗಿದೆ. ಅದರ ಫೋಟೋ ಕಳಿಸಿದರೆ "ಅದು ನನ್ನ ಹಿಂದಿನ ಓನರ್ ಮಾಡಿರಬೇಕು" ಅಂತೆ. ಹಾಗಾದ್ರೆ ಏನೂ ಮುಟ್ಟಿಲ್ಲ ಅಂತ ಯಾವ ಬಾಯಲ್ಲಿ ಹೇಳಿದ? ಕೊನೆಗೆ "ಆಟಿಕೆಗೆ ಇಷ್ಟೊಂದು ಯಾಕೆ ತಲೆ ಕೆಡಿಸ್ಕೋತೀರಾ" ಅಂದ. ಆಮೇಲೆ ಬ್ಲಾಕ್.

ಆಟಿಕೆಯಂತೆ. ಜಪಾನಿನಲ್ಲಿ 0.98 ಜೌಲ್ ದಾಟಿದ್ದನ್ನು ಇಟ್ಟುಕೊಳ್ಳುವುದೇ ಅಪರಾಧ. ಜರ್ಮನಿಯಲ್ಲಿ ಫುಲ್ ಆಟೋ 0.5ರ ಮೇಲೆ ಇರೋ ಹಾಗಿಲ್ಲ. ಬ್ರಿಟನ್‌ಗೆ ಅಸಲಿ ಥರ ಕಾಣೋ ಗನ್ ತರಬೇಕಾದರೆ ಆಟಗಾರ ಅಂತ ತೋರಿಸೋ ಆಧಾರ ಬೇರೆ ಬೇಕು. ಅದನ್ನು ಕೇಳಿದ್ದಕ್ಕೂ ಇವನು "ಏನೂ ಬೇಡ" ಅಂದಿದ್ದ. "ಬ್ಯಾಟರಿಗಳನ್ನೂ ಅದೇ ಕೇಸಿಗೆ ಹಾಕಿ ಚೆಕ್‌ಇನ್ ಮಾಡಿ" ಅನ್ನೋದು ಅವನದೇ ಸಲಹೆ. ಸ್ಪೇರ್ ಲಿಥಿಯಂ ಬ್ಯಾಟರಿ ಚೆಕ್‌ಇನ್ ಬ್ಯಾಗಲ್ಲಿ ಇಡೋ ಹಾಗೇ ಇಲ್ಲ, ಟರ್ಮಿನಲ್‌ಗೆ ಟೇಪ್ ಸುತ್ತಿ ಕೈಚೀಲದಲ್ಲಿ ಒಯ್ಯಬೇಕು. ಗನ್ ಕ್ಯಾಬಿನ್ ಒಳಗೆ ಬರೋ ಹಾಗಿಲ್ಲ, ಏರ್‌ಲೈನ್‌ಗೂ ಮೊದಲೇ ಕೇಳಬೇಕು.

ಇಷ್ಟು ಮಾಡಿ: ನಿಮ್ಮ ಕಣ್ಣೆದುರೇ 0.20ರಲ್ಲಿ ಕ್ರೋನೋ ಮಾಡಿಸಿ, ಬಿಬಿಯನ್ನು ನೀವೇ ತಗೊಂಡು ಹೋಗಿ, ಸ್ಕ್ರೂ ತಲೆ ನೋಡಿ. "ಬ್ರೋ" ಅಂತ ಜಾಸ್ತಿ ಅನ್ನೋನ ಹತ್ತಿರ ಇನ್ನೂ ಜಾಸ್ತಿ ನೋಡಿ.

ಗನ್ ಈಗ ಬಿಚ್ಚಿದ ಹಾಗೇ ಡಬ್ಬಿಯಲ್ಲಿ ಬಿದ್ದಿದೆ, ಅದಕ್ಕಿಂತ ಮೆತ್ತಗಿನ ಎಂ100 ಸ್ಪ್ರಿಂಗ್ ಹುಡುಕುತ್ತಿದ್ದೇನೆ. ಟಿಕೆಟ್ ಆಗಿದೆ, ಹೋಗ್ತೀನಿ. ಅಲ್ಲೇ ಬಾಡಿಗೆ ಗನ್ ತಗೊಂಡು ಆಡ್ತೀನಿ.