ಒಂದೇ ಚಿತ್ರದ ಮುಂದೆ ಅರ್ಧ ಗಂಟೆ: ಅರಮನೆ, ಜಗನ್ಮೋಹನ, ದರಿಯಾ ದೌಲತ್

ಮೈಸೂರಿಗೆ ಬಂದ ನೆಂಟರಿಗೆ ಅರಮನೆ, ಮೃಗಾಲಯ, ಬೆಟ್ಟ, ಬೃಂದಾವನ ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸಿ ರಾತ್ರಿ ಬಸ್ಸು ಹತ್ತಿಸುವುದು ನಮ್ಮ ಊರಿನವರಿಗೆ ರೂಢಿಯಾಗಿದೆ. ಕಳೆದ ಬೇಸಿಗೆಯಲ್ಲಿ ಬಂದಿದ್ದ ಅಕ್ಕನ ಮಗಳು, ಅಂದರೆ ನನ್ನ ಸೋದರ ಸೊಸೆ, ಮಾತ್ರ ಅದಕ್ಕೆ ಒಪ್ಪಲಿಲ್ಲ. ಅವಳು ಚಿತ್ರಕಲೆ ಓದುತ್ತಿರುವವಳು. "ಮಾಮ, ನನಗೆ ಊರು ಸುತ್ತುವುದು ಬೇಡ, ಚಿತ್ರ ನೋಡಬೇಕು. ಎಲ್ಲಿಗೆ ಹೋದರೆ ಒಳ್ಳೆಯದು?" ಎಂದು ಕೇಳಿದಳು. ಇಷ್ಟು ವರ್ಷ ಇಲ್ಲೇ ಇದ್ದೂ ನನ್ನ ಬಳಿ ಖಚಿತವಾದ ಉತ್ತರವಿರಲಿಲ್ಲ. ಆದ್ದರಿಂದ ಮೂರು ದಿನ ಮೂರು ಕಡೆ ಹೋಗುವುದು, ಪ್ರತಿಯೊಂದು ಕಡೆಯೂ ಒಂದೇ ಚಿತ್ರವನ್ನು ಆರಿಸಿಕೊಂಡು ಅದರ ಮುಂದೆ ಅರ್ಧ ಗಂಟೆ ಕಳೆಯುವುದು ಎಂದು ಇಬ್ಬರೂ ನಿಶ್ಚಯಿಸಿದೆವು.

ಮೊದಲ ದಿನ ಅರಮನೆ. ಹೆನ್ರಿ ಇರ್ವಿನ್ ವಿನ್ಯಾಸದಂತೆ 1912ರಲ್ಲಿ ಮುಗಿದ ಈ ಕಟ್ಟಡದ ಕಲ್ಯಾಣ ಮಂಟಪದ ಸುತ್ತ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳು ಸಾಲಾಗಿವೆ. ಆನೆ, ಕುದುರೆ, ಬ್ಯಾಂಡಿನವರು, ಪೇಟ ಧರಿಸಿದ ಅಧಿಕಾರಿಗಳು ಎಲ್ಲರೂ ಅಲ್ಲಿದ್ದಾರೆ, ಮುಖಗಳು ನಿಜವಾದ ವ್ಯಕ್ತಿಗಳ ಭಾವಚಿತ್ರಗಳಂತೆಯೇ ಇವೆ. ಆದರೆ ಗ್ಲಾಸ್ಗೋದಲ್ಲಿ ತಯಾರಾದ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿಯತ್ತ ಎಲ್ಲರ ಕಣ್ಣು ಹೋಗುತ್ತದೆ, ಹಿಂದಿನವರು ಮುಂದಿನವರನ್ನು ತಳ್ಳಿಕೊಂಡೇ ಬರುತ್ತಾರೆ. ನಮಗೆ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಲು ಆಗಲಿಲ್ಲ. ಮೆರವಣಿಗೆಯ ಇತಿಹಾಸ ತಿಳಿಯಬೇಕೆನ್ನುವವರಿಗೆ ಇದು ಬಹಳ ಉಪಯುಕ್ತ, ಚಿತ್ರವನ್ನು ಚಿತ್ರವಾಗಿ ನೋಡಬೇಕೆನ್ನುವವರಿಗೆ ಅಷ್ಟಾಗಿ ಅಲ್ಲ.

ಎರಡನೆಯ ದಿನ ಜಗನ್ಮೋಹನ ಅರಮನೆಗೆ ಹೋದೆವು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ, ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದಾಗ ರಾಜಮನೆತನಕ್ಕೆ ಆಶ್ರಯವಾದ ಕಟ್ಟಡವಿದು. 1915ರಿಂದ ಇಲ್ಲಿ ಚಿತ್ರಶಾಲೆಯಿದ್ದು, ಅದಕ್ಕೆ ಈಗ ಜಯಚಾಮರಾಜೇಂದ್ರ ಒಡೆಯರ ಹೆಸರಿದೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಇದು ಕೊರತೆಯೆಂದು ಬಹಳ ಜನ ಹೇಳುತ್ತಾರೆ, ನನಗಂತೂ ವರವೆಂದೇ ಅನ್ನಿಸಿತು, ಏಕೆಂದರೆ ಮೊಬೈಲು ಜೇಬಿಗೆ ಸೇರಿದ ಮೇಲೆ ಉಳಿಯುವುದು ಕಣ್ಣು ಮಾತ್ರ.

ಜನ ಹೆಚ್ಚಾಗಿ ಕೇಳಿಕೊಂಡು ಬರುವುದು ದೀಪ ಹಿಡಿದ ಹೆಣ್ಣಿನ ಚಿತ್ರವನ್ನು. ನಮ್ಮ ಪಕ್ಕದಲ್ಲಿ ನಿಂತಿದ್ದ ಒಬ್ಬರು ತಮ್ಮ ಮಕ್ಕಳಿಗೆ ಅದನ್ನು ರವಿವರ್ಮನ ಚಿತ್ರವೆಂದೇ ಹೇಳುತ್ತಿದ್ದರು. ಬಹಳ ಮಂದಿ ಹಾಗೆಯೇ ತಿಳಿದಿದ್ದಾರೆ, ಆದರೆ ಅದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ್, ರೂಪದರ್ಶಿಯಾಗಿ ನಿಂತವರು ಅವರ ಮಗಳು. ಮುಖ್ಯವಾದ ಸಂಗತಿಯೆಂದರೆ ಅದು ತೈಲವರ್ಣವಲ್ಲ, ಜಲವರ್ಣ. ತೈಲದಲ್ಲಿ ಕತ್ತಲೆಯ ಮೇಲೆ ಬೆಳಕನ್ನು ಬಳಿಯಬಹುದು, ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ತಾಗದಂತೆ ಉಳಿಸಿಕೊಂಡ ಕಾಗದವೇ. ಹಾಗಾಗಿ ಆ ಜ್ವಾಲೆ ಎಲ್ಲಿರಬೇಕೆಂಬುದು ಕುಂಚ ನೀರಿಗೆ ಅದ್ದುವ ಮೊದಲೇ ಕಲಾವಿದನಿಗೆ ಗೊತ್ತಿರಬೇಕು. ಸೊಸೆ ಇದನ್ನು ವಿವರಿಸಿದ ಮೇಲೆ ನಾನು ದೀಪಕ್ಕೆ ಮರೆಯಾಗಿ ಹಿಡಿದ ಕೈಯನ್ನೇ ನೋಡುತ್ತಾ ನಿಂತೆ. ಬೆರಳುಗಳ ಸಂದಿನಲ್ಲಿ ರಕ್ತದ ಕೆಂಪು ಹೊಳೆಯುತ್ತದೆ, ಅಂಗೈಯಿಂದ ದೂರ ಸರಿದಂತೆ ಅದೇ ಕೆಂಪು ಕಂದಾಗಿ ತಣಿಯುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಕೆಲಸವಿರುವುದು ಮುದ್ರಿತ ಪ್ರತಿಗಳಲ್ಲಿ ನನಗೆ ಎಂದೂ ಕಂಡಿರಲಿಲ್ಲ. ಹಿಂದಿನವರಿಗೆ ಜಾಗ ಬಿಡಬೇಕಾಗಿದ್ದರಿಂದ ಎರಡು ಸಲ ಹೋಗಿ ಬಂದು, ಅರ್ಧ ಗಂಟೆಯನ್ನು ಹೇಗೋ ಕೂಡಿಸಿಕೊಂಡೆವು.

ರವಿವರ್ಮನ ಪೌರಾಣಿಕ ಚಿತ್ರಗಳೂ, ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಗಳೂ ಇಲ್ಲಿವೆ. ಚಿನ್ನದ ರೇಕಿನ ಕೆಳಗೆ ಸರಿಯಂಥ ಲೇಪದಿಂದ ಉಬ್ಬಿಸುವ ಗೆಸ್ಸೊ ಕೆಲಸದ ಉಬ್ಬು ತಂಜಾವೂರಿನದಕ್ಕಿಂತ ಎಷ್ಟು ತೆಳು ಎಂಬುದನ್ನು ಚಿತ್ರಕ್ಕೆ ಎದುರಾಗಿ ನಿಂತಾಗ ಅಲ್ಲ, ಪಕ್ಕದಿಂದ ಓರೆಯಾಗಿ ನೋಡಿದಾಗ ತಿಳಿಯಬಹುದು. ಗಾಜಿನ ಹಿಂದಿರುವ ಚಿತ್ರಗಳಲ್ಲಿ ಕಿಟಕಿಯ ಬೆಳಕು ಪ್ರತಿಫಲಿಸುವುದರಿಂದ, ಸರಿಯಾದ ಜಾಗ ಸಿಗುವವರೆಗೆ ಅತ್ತಿತ್ತ ಸರಿಯುತ್ತಿರಬೇಕು.

ಮೂರನೆಯ ದಿನ ಶ್ರೀರಂಗಪಟ್ಟಣದ ದರಿಯಾ ದೌಲತ್. ಇದು ಮಂಡ್ಯ ಜಿಲ್ಲೆಗೆ ಸೇರಿದ್ದು, ಮೈಸೂರಿನಿಂದ ಬಸ್ಸಿನಲ್ಲಿ ಬಹಳ ಹೊತ್ತೇನೂ ಹಿಡಿಯುವುದಿಲ್ಲ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಸುತ್ತ ಬಿಸಿಲು ತಡೆಯಲು ಪರದೆಗಳನ್ನು ಇಳಿಬಿಟ್ಟಿರುವುದರಿಂದ, ತೋಟದ ಬೆಳಕಿನಿಂದ ಜಗುಲಿಗೆ ಹೋದೊಡನೆ ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಪಶ್ಚಿಮದ ಗೋಡೆ ನಿಧಾನವಾಗಿ ತೆರೆದುಕೊಳ್ಳುತ್ತದೆ: ಹೈದರಾಲಿ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧ. ಕೆಂಪಂಗಿಯ ಇಂಗ್ಲಿಷ್ ಸೈನಿಕರು ಚೌಕವಾಗಿ ನಿಂತಿದ್ದಾರೆ, ಮದ್ದಿನ ಬಂಡಿ ಸಿಡಿಯುತ್ತಿದೆ, ನಡುವೆ ಪಲ್ಲಕ್ಕಿಯಲ್ಲಿ ಅವರ ದಳಪತಿ ಕರ್ನಲ್ ಬೈಲಿ ಬೆರಳು ಕಚ್ಚುತ್ತಾ ಕುಳಿತಿದ್ದಾನೆ. ಅಷ್ಟು ಕುದುರೆ, ಕತ್ತಿ, ರುಂಡಗಳ ನಡುವೆ ಸೋಲನ್ನು ಹೇಳುವುದು ಆ ಒಂದು ಬೆರಳು. ಅದನ್ನು ಮೊದಲು ಕಂಡವಳು ಸೊಸೆ. ನಾನು ಈ ಗೋಡೆಯ ಮುಂದೆ ಎಷ್ಟೋ ಸಲ ಹಾದುಹೋಗಿದ್ದರೂ ಅದನ್ನು ಗಮನಿಸಿರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ನಾವು ನೋಡುವುದು ಟಿಪ್ಪುವಿನ ಕಾಲದ ಕುಂಚವನ್ನೇ ಅಲ್ಲ. ಮಸುಕಾಗಿದ್ದ ಚಿತ್ರಗಳನ್ನು 1799ರಲ್ಲಿ ಟಿಪ್ಪು ಮಡಿದ ನಂತರ ಇಲ್ಲಿ ವಾಸವಾಗಿದ್ದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಸರಿಪಡಿಸಿದನು, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಅವನ್ನು ಪುನಃ ಬರೆಸಲಾಯಿತು. ಮೂಲ ಕಲಾವಿದನ ಕುಂಚವನ್ನೇ ಬಯಸುವವರು ಜಗನ್ಮೋಹನವನ್ನೇ ಮೆಚ್ಚಬೇಕು. ಆದರೂ ನನ್ನ ಆಯ್ಕೆ ದರಿಯಾ ದೌಲತ್. ಜಗನ್ಮೋಹನದ ಚಿತ್ರಗಳನ್ನು ಎಲ್ಲಿಗೆ ಬೇಕಾದರೂ ಒಯ್ದು ತೂಗುಹಾಕಬಹುದು, ಈ ಯುದ್ಧವನ್ನು ಮಾತ್ರ ಈ ಗೋಡೆಯಿಂದ ಬಿಡಿಸಲಾಗದು. ಗೆದ್ದವರು ತಮ್ಮ ಮನೆಯ ಜಗುಲಿಯಲ್ಲಿ ಬರೆಸಿದ ಸೋಲನ್ನು, ಸೋತ ಪಕ್ಷದವರೇ ಮುಂದೆ ಬಣ್ಣ ಹಚ್ಚಿ ಉಳಿಸಿದರೆಂಬುದನ್ನು ಅಲ್ಲೇ ನಿಂತು ಯೋಚಿಸುವುದು ಬೇರೆಯೇ ಅನುಭವ. ಅರ್ಧ ಗಂಟೆ ಕಳೆದದ್ದು ನಮಗೆ ತಿಳಿಯಲೇ ಇಲ್ಲ.

ಒಂದೇ ದಿನವಿದ್ದವರು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಶ್ರೀರಂಗಪಟ್ಟಣ ಸೇರಿ, ಶಾಲೆಯ ಪ್ರವಾಸದ ಬಸ್ಸುಗಳು ಬರುವ ಮೊದಲೇ ಪಶ್ಚಿಮದ ಗೋಡೆಯನ್ನು ನೋಡಿಕೊಂಡು, ಊಟದ ನಂತರ ಜಗನ್ಮೋಹನಕ್ಕೆ ಬರುವುದು ಒಳ್ಳೆಯದು. ಜಗನ್ಮೋಹನದಲ್ಲಿ ಮಹಡಿ ಹತ್ತಬೇಕಾಗಿರುವುದರಿಂದ ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವವರು ದೀಪದ ಚಿತ್ರವನ್ನು ಮೊದಲು ನೋಡಿಸಿ, ಉಳಿದುದನ್ನು ಆಮೇಲೆ ಯೋಚಿಸಲಿ. ಸೊಸೆ ಊರಿಗೆ ಹೊರಟಾಗ ಅವಳ ಪುಸ್ತಕದ ಎರಡು ಹಾಳೆಗಳಲ್ಲಿ ಚಿತ್ರಗಳಿದ್ದವು: ಒಂದರಲ್ಲಿ ದೀಪಕ್ಕೆ ಮರೆಯಾದ ಕೈ, ಇನ್ನೊಂದರಲ್ಲಿ ಬೈಲಿಯ ಬೆರಳು.